ಬೆನಕಪ್ಪನವರ ಬೆವರುಮನೆ

ಗಾದೆ ಹೇಳಿ ಕಥೆ ಶುರು ಮಾಡುವುದು ದೊಡ್ಡವರ ರೂಢಿ. ನಾನು ಗಾದೆಗೆ ಬಾಯಿ ಹಾಕಿದರೆ ಅದರ ತಲೆ ಕಡೂರಿನಲ್ಲೂ ಬಾಲ ತರೀಕೆರೆಯಲ್ಲೂ ಇಳಿದುಬಿಡುತ್ತದೆ. ಆದ್ದರಿಂದ ಗಾದೆಯನ್ನು ಅದರ ಪಾಡಿಗೆ ಬಿಟ್ಟು ನೇರವಾಗಿ ನಿಜವನ್ನೇ ಹೇಳುತ್ತೇನೆ. ಅನುಮಾನವಿದ್ದವರು ಅಜ್ಜಂಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಯಾರನ್ನಾದರೂ ಕೇಳಬಹುದು. ಅವರು ನನಗಿಂತ ಹೆಚ್ಚು ಸೇರಿಸಿ ಹೇಳುತ್ತಾರೆ.

ಬೆನಕಪ್ಪನವರು ನಮ್ಮ ಪಕ್ಕದ ಮನೆಯವರು. ಕಡೂರಿನಿಂದ ಅಜ್ಜಂಪುರದ ಮೇಲೆ ತರೀಕೆರೆಗೆ ಓಡುವ ಕಂಪನಿ ಬಸ್ಸುಗಳಿಗೆ ಏಜೆಂಟರಾಗಿದ್ದವರು. ಬಸ್‌ಸ್ಟ್ಯಾಂಡಿನ ತಗಡಿನ ಗೂಡಿನಲ್ಲಿ ಕೂತು ಟಿಕೆಟ್ಟು ಹರಿಯುವುದು, ಸೀಟು ಹಂಚುವುದು, “ಬೀರೂರ್ ಕಡೂರ್, ಬೀರೂರ್ ಕಡೂರ್” ಎಂದು ಕೂಗುವುದು ಅವರ ಕೆಲಸ. ಆ ಕೂಗಿಗೆ ಬೀರೂರಿಗೆ ಹೋಗಬೇಕೆಂಬ ಆಸೆಯೇ ಇಲ್ಲದವರೂ ಬಸ್ಸು ಹತ್ತಿದ್ದುಂಟು. ಅಮಲ್ದಾರರೇ ಅವರ ಗೂಡಿನ ಮುಂದೆ ನಿಂತು, “ಬೆನಕಪ್ಪಾ, ಕಿಟಕಿ ಪಕ್ಕ ಒಂದು ನೋಡಪ್ಪಾ” ಎನ್ನುತ್ತಿದ್ದರು. ಇಡೀ ದಿನ ಸುತ್ತಲೂ ಜನ.

ಎಪ್ಪತ್ತೇಳನೇ ಇಸವಿಯಲ್ಲಿ ಮಂಡಿನೋವು ಬಂತು, ಕೆಲಸ ಬಿಟ್ಟರು. ಬಿಟ್ಟ ಮಾರನೆಯ ದಿನದಿಂದ ಅವರ ಜಗಲಿಯ ಮೇಲೆ ಕೂರಲು ಒಂದು ನರಪಿಳ್ಳೆಯೂ ಬರಲಿಲ್ಲ. ಅಭ್ಯಾಸಬಲದಿಂದ ಅವರು ಮನೆಯಲ್ಲೇ ಕೂಗತೊಡಗಿದರು. ಹೆಂಡತಿ ದಾಕ್ಷಾಯಣಮ್ಮ ಅಡಿಗೆಮನೆಯ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತರೆ ಸಾಕು, “ಒಳಗ್ ನಡೀರಿ, ಒಳಗ್ ನಡೀರಿ, ಬಾಗಿಲಲ್ಲಿ ನಿಲ್ಬೇಡಿ!”

ಅಂಥ ಸಮಯದಲ್ಲಿ ಒಬ್ಬ ಬಿಳಿಯ ಬಂದ. ಅಮೃತಾಪುರದ ಗುಡಿಯ ಕೆತ್ತನೆ ನೋಡಲು ತರೀಕೆರೆಯಲ್ಲಿ ಬಸ್ಸು ಹತ್ತಿದವನು, ನಿದ್ದೆ ಹೋಗಿ ಅಜ್ಜಂಪುರಕ್ಕೇ ಬಂದಿದ್ದ. ಕಂಡಕ್ಟರ್ ಓಬಳಪ್ಪ ಅವನನ್ನು ಕರೆತಂದು, “ಏಜೆಂಟ್ರೇ, ನಿಮ್ ಗಿರಾಕಿ” ಎಂದು ಬೆನಕಪ್ಪನವರ ಜಗಲಿಯ ಮೇಲೆ ಕೂರಿಸಿ ಹೋದ. ನಮ್ಮ ಬೀದಿಗೆಲ್ಲ ಬಿ.ಎ. ಮಾಡಿದವನು ನಾನೊಬ್ಬನೇ. ಕಾಲೇಜಿನಲ್ಲಿ ನಾನು ಮುಖ್ಯವಾಗಿ ಕಲಿತದ್ದು ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸುವುದನ್ನು; ಆದರೂ ಇಂಗ್ಲಿಷು ಒಂದಿಷ್ಟು ಮೈಗೆ ಅಂಟಿತ್ತು. ದುಭಾಷಿಯ ಪಟ್ಟ ನನಗೆ ಬಂತು.

“ಇವನ ದೇಶ ಫಿನ್‌ಲ್ಯಾಂಡಂತೆ ಮಾವ. ಚಳಿ ಜಾಸ್ತಿ. ಮನೆ ಹಿಂದೆ ಕೋಣೆ ಕಟ್ಟಿ, ಕಲ್ಲು ಕಾಯ್ಸಿ, ಅದರ ಮೇಲೆ ನೀರು ಚೆಲ್ಲಿ, ಆ ಹಬೇಲಿ ಎಲ್ಲರೂ ಒಟ್ಟಿಗೆ ಕೂತು ಬೆವರ್ತಾರಂತೆ. ಸೌನಾ ಅಂತಾರಂತೆ.”

“ಎಲ್ಲಾರೂ ಅಂದ್ರೆ?”

“ನೆಂಟರು, ಇಷ್ಟರು, ಅಕ್ಕಪಕ್ಕದವರು. ಸಾಹೇಬನೂ ಒಂದೇ, ಜವಾನನೂ ಒಂದೇ.”

“ಅದ್ಯಾಕಯ್ಯಾ ಒಟ್ಟಿಗೆ? ಒಬ್ಬೊಬ್ರೇ ಬೆವರಿದ್ರೆ ಆಗಲ್ವಾ?”

ಕೇಳಿದೆ. ಬಿಳಿಯ ನಕ್ಕು, ಬೆವರು ದೊಡ್ಡದಲ್ಲ, ಜನ ಜನದ ಪಕ್ಕ ಕೂರುವುದೇ ದೊಡ್ಡದು, ಅದರಿಂದಲೇ ಮೈಯೂ ಮನಸ್ಸೂ ನೆಟ್ಟಗಿರುವುದು ಎಂದ. ನಾನು ಅದನ್ನು ಹಾಗೇ ಹೇಳಿ, ಒಂದಿಷ್ಟು ಒಗ್ಗರಣೆಯನ್ನೂ ಹಾಕಿದೆ: “ನಾಲ್ಕು ಜನ ಸೇರದಿದ್ರೆ ಹಬೆ ಮೈಗೆ ಹತ್ತೋದೇ ಇಲ್ವಂತೆ ಮಾವ.”

ಬೆನಕಪ್ಪನವರ ಕಣ್ಣು ಫಳಫಳ ಹೊಳೆದವು. ಆ ಹೊಳಪು ನನಗೆ ಗೊತ್ತು. ತುಂಬಿದ ಬಸ್ಸಿಗೆ ಇನ್ನೂ ಹತ್ತಾರು ಜನರನ್ನು ತುರುಕಲು ಜಾಗ ಕಂಡಾಗ ಬರುತ್ತಿದ್ದ ಹೊಳಪು ಅದು.

ತಿಂಗಳೊಪ್ಪತ್ತಿನಲ್ಲಿ ಹಿತ್ತಲಿನ ಬಚ್ಚಲಿಗೆ ಅಂಟಿಕೊಂಡು ಇಟ್ಟಿಗೆಯ ಕೋಣೆಯೊಂದು ಎದ್ದಿತು. ಬಚ್ಚಲ ಹಂಡೆಯ ಒಲೆಯನ್ನೇ ಇತ್ತ ಚಾಚಿ, ಅದರ ಮೇಲೆ ಊರಾಚೆಯ ದನದ ಕಾವಲಿನಿಂದ ತಂದ ಕರಿಗಲ್ಲುಗಳನ್ನು ಪೇರಿಸಿದರು. ಕೂರಲು ಗುಜರಿಗೆ ಹೋಗಲಿದ್ದ ಕಂಪನಿ ಬಸ್ಸಿನ ಹಲಗೆ ಬೆಂಚುಗಳು ಬಂದವು. “ಬೆವರುಮನೆ” ಎಂದು ಹೆಸರಿಟ್ಟವನು ನಾನು.

ಬೆಂಚು ಬಂತು, ಬೆಂಕಿ ಬಂತು, ಜನ ಬರಲಿಲ್ಲ. ಬೆನಕಪ್ಪನವರು ಬೀದಿಬಾಗಿಲಲ್ಲಿ ನಿಂತು ಹೋಗಿಬರುವವರನ್ನೆಲ್ಲ ಕರೆದರು.

ಕಂದಾಯದ ಶೇಕ್ದಾರ್ ಮಲ್ಲಿಕಾರ್ಜುನ ಕೋಣೆಯ ಸುತ್ತ ಗಂಭೀರವಾಗಿ ಒಂದು ಪ್ರದಕ್ಷಿಣೆ ಹಾಕಿದರು. “ಇದು ಮನೆಯೋ, ಬಚ್ಚಲೋ, ಕಾರ್ಖಾನೆಯೋ? ಯಾವುದರ ಕೆಳಗೆ ಬರ್ತದೆ ಅಂತ ತೀರ್ಮಾನ ಆಗೋವರ್ಗೂ ನಾನು ಒಳಗೆ ಕಾಲಿಡೋ ಹಂಗಿಲ್ಲ ಕಣ್ರೀ.”

ಪೋಸ್ಟ್‌ಮನ್ ಮುನಿಯಪ್ಪ ಸೈಕಲ್ಲಿನಿಂದ ಇಳಿಯಲೇ ಇಲ್ಲ. “ನಾನು ದಿನಾ ಬೆವರ್ತೀನಿ ಏಜೆಂಟ್ರೇ, ಅದೂ ಸರ್ಕಾರದ ಲೆಕ್ಕದಲ್ಲಿ.” ಒಂದು ಕಾಲು ನೆಲಕ್ಕೂರಿ ದನಿ ತಗ್ಗಿಸಿದ. “ಅದಿರ್ಲಿ, ಒಳಗೆ ಯಾರ ಪಕ್ಕ ಯಾರು ಕೂರೋದು?”

“ಬಸ್ಸಲ್ಲಿ ಕೂರಲ್ವೇನೋ, ಹಂಗೆ. ಮೊದ್ಲು ಬಂದೋರು ಮೊದ್ಲು.”

“ಬಸ್ಸಾದ್ರೆ ಊರು ಮುಟ್ಟುಸ್ತದೆ. ಇದು ನಿಂತಲ್ಲೇ ಬೇಯ್ಸುತ್ತಲ್ಲ ಸ್ವಾಮಿ” ಎಂದು ಮುನಿಯಪ್ಪ ಗಂಟೆ ಬಾರಿಸಿಕೊಂಡು ಹೋದ.

ಎದುರುಮನೆಯ ಕಲ್ಲಮ್ಮಜ್ಜಿಯಂತೂ, “ಗಂಡಸ್ರು ಅಂಗಿ ಬಿಚ್ಚಿ ಸಾಲಾಗಿ ಕೂರೋ ಮನೆ ಎದುರು ನಾನು ರಂಗೋಲಿ ಬಿಡಲ್ಲ” ಎಂದು ಸಾರಿ, ತನ್ನ ರಂಗೋಲಿಯನ್ನು ಓಣಿಯ ಕಡೆಗೆ ತಿರುಗಿಸಿದಳು.

ದಾಕ್ಷಾಯಣಮ್ಮನಿಗೆ ಆ ಕೋಣೆಯ ಮೇಲೆ ಮೊದಲಿನಿಂದಲೂ ಕಣ್ಣು. ಬೆಚ್ಚಗಿನ, ಒಣ ಗೋಡೆಯ ಕೋಣೆ. ಬೆರಣಿ ಪೇರಿಸಲು ಇದಕ್ಕಿಂತ ಒಳ್ಳೆಯ ಜಾಗ ತಾಲ್ಲೂಕಿನಲ್ಲೇ ಇರಲಿಲ್ಲ. ಒಂದು ದಿನ ಷರತ್ತು ಹಾಕಿಯೇಬಿಟ್ಟರು.

“ನೋಡ್ರೀ, ಬರೋ ಸೋಮವಾರ ಮಧ್ಯಾಹ್ನದ ಒಳಗೆ ನಾಲ್ಕು ಜನ ಬಂದು ಇಲ್ಲಿ ಕೂರ್ಬೇಕು. ಆ ನಾಲ್ಕರಲ್ಲಿ ತರೀಕೆರೆ ಬೀಗ್ರೂ ಇರ್ಬೇಕು. ಇಲ್ದಿದ್ರೆ ಈ ಕೋಣೆ ನನ್ನ ಬೆರಣಿಗೆ.”

“ಬೀಗ್ರು ಯಾಕೇ ಮಧ್ಯದಲ್ಲಿ?”

“ಊರೋರ್ನೆಲ್ಲ ಕರೀತೀರಿ, ಮನೆ ಬೀಗ್ರನ್ನ ಬಿಟ್ಟಿದೀರಿ. ಸೊಸೆ ದಾವಣಗೆರೆಯಿಂದ ಬಂದಾಗೆಲ್ಲ ಅಪ್ಪ ಈ ಮನೆಗೆ ಬರಲ್ಲ ಅಂತ ಕಣ್ಣೀರು ಹಾಕ್ತಾಳೆ. ನಾನು ನೋಡೋಕಾಗಲ್ಲ.”

ಬೆನಕಪ್ಪನವರು ತಲೆ ತಗ್ಗಿಸಿದರು. ಬೀಗರಾದ ಜಯದೇವಪ್ಪನವರು ತರೀಕೆರೆಯಲ್ಲಿ ತೆಂಗಿನಕಾಯಿ ಮಂಡಿಯವರು. ಆಳೂ ದಪ್ಪ, ಮಾನವೂ ದಪ್ಪ. ಮಗನ ಮದುವೆಯ ದಿಬ್ಬಣದ ಬಸ್ಸಿನಲ್ಲಿ ಸೀಟು ಹಂಚಿದವರು ಸ್ವತಃ ಬೆನಕಪ್ಪನವರೇ. ಗಡಿಬಿಡಿಯಲ್ಲಿ ಮುಂದಿನ ಸೀಟನ್ನು ಬಸ್ ಮಾಲೀಕರ ಸೋದರತ್ತೆಗೆ ಕೊಟ್ಟು, ಹೆಣ್ಣಿನ ತಂದೆಯನ್ನು ಕಟ್ಟಕಡೆಯ ಸೀಟಿಗೆ ಅಟ್ಟಿಬಿಟ್ಟಿದ್ದರು. ಅಂದು ಇಳಿದುಹೋದ ಬೀಗರು ಮತ್ತೆ ಈ ಹೊಸ್ತಿಲು ತುಳಿದಿರಲಿಲ್ಲ.

ಓಬಳಪ್ಪನ ಮೂಲಕ ದಿನಕ್ಕೊಂದು ಆಹ್ವಾನ ತರೀಕೆರೆಗೆ ಹೋಯಿತು. ಜಯದೇವಪ್ಪನವರ ಉತ್ತರವನ್ನು ನಾನು ಅವರದೇ ದನಿಯಲ್ಲಿ, ಹೊಟ್ಟೆಯಿಂದ ಎತ್ತಿ ಬೆನಕಪ್ಪನವರಿಗೆ ಒಪ್ಪಿಸುತ್ತಿದ್ದೆ: “ಬೆವರ್ಬೇಕು ಅನ್ಸಿದ್ರೆ ನಾನು ಬಿಸ್ಲಲ್ಲಿ ಕೂತು ಕಾಯಿ ಸುಲಿಸ್ತೀನಿ ಕಣಯ್ಯಾ! ಅಲ್ಲೂ ಹಿಂದಿನ ಸೀಟೇ ತಾನೆ ಕೊಡೋದು, ಕೇಳು ನಿಮ್ ಏಜೆಂಟ್ರನ್ನ!” ಬೆನಕಪ್ಪನವರು ನಗುತ್ತಿದ್ದರು. ಆದರೆ ಒಲೆಯ ಪಕ್ಕದ ಮೊದಲ ಬೆಂಚನ್ನು ದಿನವೂ ಒರೆಸಿ, ಅದರ ಮೇಲೆ ಒಂದು ಮಡಿ ಟವಲು ಹಾಸಿಡುವುದನ್ನು ಬಿಡಲಿಲ್ಲ. ಆ ಬೆಂಚಿನ ಮೇಲೆ ಅವರು ಒಂದು ದಿನವೂ ಕೂತವರಲ್ಲ.

ಸೋಮವಾರ ಬಂತು. ಗೆದ್ದೇ ಗೆಲ್ಲುವ ಭರವಸೆಯಿಂದ ದಾಕ್ಷಾಯಣಮ್ಮ ಬೆಳಿಗ್ಗೆಯೇ ಬುಟ್ಟಿ ಹಿಡಿದು, ದನ ಮೇಯುವ ಕಾವಲಿನ ಕಡೆಗೆ ಬೆರಣಿ ತರಲು ಹೊರಟರು. ಇತ್ತ ಬೆನಕಪ್ಪನವರು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಗೆ ಮೈಗೆ ದಪ್ಪನಾಗಿ ವಿಭೂತಿ ಬಳಿದುಕೊಂಡು, ತಾವೇ ಬೆಂಕಿ ಹೊತ್ತಿಸಿ, ಬಾಗಿಲು ತೆರೆದಿಟ್ಟು, ಗಿರಾಕಿಗಳಿಗಾಗಿ ಗೋಡೆಗೊರಗಿ ಚಕ್ಕಳಮಕ್ಕಳ ಹಾಕಿ ಕೂತರು. ಬಿಸಿಗೆ ಕಣ್ಣು ಎಳೆಯಿತು. ನಿದ್ದೆ ಬಂದುಬಿಟ್ಟಿತು.

ನಾನು ಹಿತ್ತಲ ಬಾಗಿಲಿಂದ ಹೋಗುವಾಗ ಈ ದೃಶ್ಯ ಕಂಡೆ. ಬಸ್ಸಿನ ಮೂತಿಗೆ ಹಾಕಲು ಓಬಳಪ್ಪ ತರಿಸಿದ್ದ ಚೆಂಡುಹೂವಿನ ಹಾರ ನನ್ನ ಕೈಯಲ್ಲಿತ್ತು. ಕೈ ಸುಮ್ಮನಿರಲಿಲ್ಲ. ಹಾರವನ್ನು ಮೆಲ್ಲಗೆ ಅವರ ಕೊರಳಿಗೆ ಇಳಿಬಿಟ್ಟೆ. ಊದುಬತ್ತಿ ಹಚ್ಚಿ ಅತ್ತ ಇತ್ತ ಸಿಕ್ಕಿಸಿದೆ. ದಾಕ್ಷಾಯಣಮ್ಮ ಬಂದಾಗ “ಶ್ರೀ ಹಬೆಯಾನಂದ ಸ್ವಾಮಿಗಳು ದಯಮಾಡಿಸಿದ್ದಾರೆ” ಎಂದು ಮಠದ ಗುರುಗಳ ದನಿಯಲ್ಲಿ ಹೇಳಬೇಕೆಂಬುದು ನನ್ನ ಯೋಜನೆ. ಈ ಚಂದವನ್ನು ತೋರಿಸಲು ಓಬಳಪ್ಪನನ್ನು ಕರೆತರಲೆಂದು ಬಸ್‌ಸ್ಟ್ಯಾಂಡಿಗೆ ಓಡಿದೆ. ಅವನ ಬಸ್ಸು ಆಗಲೇ ತರೀಕೆರೆಗೆ ಹೊರಟುಹೋಗಿತ್ತು. ಹೋಟೆಲಿನಲ್ಲಿ ಬಿಸಿ ಬೋಂಡ ಕರಿಯುತ್ತಿದ್ದರು. ಕೂತೆ.

ಇಲ್ಲೊಂದು ಮಾತು ತಿಳಿಸಬೇಕು. ನಮ್ಮ ಕಡೆಯ ಶಿವಭಕ್ತರ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸುತ್ತಾರೆ. ವಿಭೂತಿ ಬಳಿದು, ಹಾರ ಹಾಕಿ, ಊದುಬತ್ತಿ ಹಚ್ಚಿ, ಸುತ್ತ ಕೂತು ಭಜನೆ ಮಾಡುತ್ತಾರೆ. ಬಿ.ಎ. ಪಾಸಾದ ನನಗೆ ಇದು ಗೊತ್ತಿಲ್ಲವೆಂದಲ್ಲ. ಹೊಳೆಯಲಿಲ್ಲ, ಅಷ್ಟೇ.

ಕಲ್ಲಮ್ಮಜ್ಜಿ ಒಲೆ ಹಚ್ಚಲು ಒಂದು ಕೆಂಡ ಕೇಳೋಣವೆಂದು ಮಸಿಬಟ್ಟೆ, ಚಿಪ್ಪು ಹಿಡಿದು ಹಿತ್ತಲಿಗೆ ಬಂದಳು. ಹೊಗೆಯ ನಡುವೆ ಬೆನಕಪ್ಪನವರು ಕೂತಿದ್ದರು. ಚಿಪ್ಪು ಕೆಳಗೆ ಬಿತ್ತು.

“ಅಯ್ಯಯ್ಯೋ! ಕೂತ್ಕಂಡಂಗೇ ಹೋಗ್ಬಿಟ್ಯಲ್ಲೋ ನನ್ನಪ್ಪಾ! ಕೂರಿಸೋ ಕಷ್ಟಾನೂ ಕೊಡ್ದೆ ಹೋದ್ಯಲ್ಲೋ!”

ಕಲ್ಲಮ್ಮಜ್ಜಿಯ ಗಂಟಲೆಂದರೆ ಬೆನಕಪ್ಪನವರ ಗಂಟಲಿಗೆ ಏನೇನೂ ಕಡಿಮೆಯಿಲ್ಲ. ಬೀದಿಗೆ ಬೀದಿಯೇ ನುಗ್ಗಿತು. ಶೇಕ್ದಾರರು ಬಂದು, ತೀರ್ಮಾನವಾಗದ ಕೋಣೆಗೆ ಕೊನೆಗೂ ಕಾಲಿಟ್ಟು, ಬೆನಕಪ್ಪನವರ ಕೈ ಮುಟ್ಟಿದರು.

“ಮೈ ಇನ್ನೂ ಬಿಸಿ ಐತೆ. ಈಗ್ತಾನೇ ಹೋಗಿರೋದು.”

“ಹೋಗೋವಾಗ್ಲೂ ಬೆವರ್ಕೊಂಡೇ ಹೋಗವ್ರೆ ಪುಣ್ಯಾತ್ಮ” ಎಂದು ಮುನಿಯಪ್ಪ ಕಣ್ಣೊರೆಸಿಕೊಂಡ. “ಮೂಗಿನ ಹತ್ರ ಕೈಯಿಟ್ಟು ನೋಡಿ ಸ್ವಾಮಿ.”

ಶೇಕ್ದಾರರು ಇಟ್ಟರು. ಏನೋ ಬಿಸಿಯಾಗಿ ತಾಗಿತು. ಅದು ಉಸಿರೋ, ಕೋಣೆಯ ಹಬೆಯೋ? ಖಚಿತವಿಲ್ಲದ್ದನ್ನು ಒಪ್ಪುವುದು ಅವರ ಇಲಾಖೆಯ ಪದ್ಧತಿಯಲ್ಲ. “ಹಬೆ” ಎಂದು ತೀರ್ಪು ಕೊಟ್ಟು, ಪಕ್ಕದವರ ಕಿವಿಯಲ್ಲಿ, “ಆಸ್ತಿ ಹೆಸರು ಬದಲಾಯ್ಸೋ ಪೌತಿ ಖಾತೆಗೆ ಮಗ ಬಂದ ಮೇಲೆ ನನ್ನ ಕಾಣೋಕೆ ಹೇಳಿ, ತಡ ಮಾಡ್ಬಾರ್ದು” ಎಂದರು. ಆಮೇಲೆ ಪೋಸ್ಟಾಫೀಸಿಗೆ ಹೋಗಿ ತರೀಕೆರೆಯ ಮಂಡಿಗೆ ಫೋನೂ ಮಾಡಿಸಿದರು.

ಬೋಂಡ ಮುಗಿಸಿ ನಾನು ಬರುವ ಹೊತ್ತಿಗೆ ಹಿತ್ತಲು ಜಾತ್ರೆಯಾಗಿತ್ತು. ಯಾರೋ ಮಡಿನೀರು ಕಾಯಿಸಲು ಒಲೆಗೆ ದೊಡ್ಡ ಕೊರಡು ತುರುಕಿದ್ದರು. ಭಜನೆಗೆ ಶವದ ಬಳಿಯೇ ಕೂರಬೇಕು. ಇದ್ದದ್ದು ಬಸ್ಸಿನ ಬೆಂಚು. ಶೇಕ್ದಾರರು, ಅವರ ಪಕ್ಕದಲ್ಲೇ ಮುನಿಯಪ್ಪ, ಆಚೆ ಈಚೆ ಬೀದಿಯವರು ಒತ್ತೊತ್ತಾಗಿ ಕೂತಿದ್ದರು. ಮೊದಲ ಬೆಂಚಿನ ಮಡಿ ಟವಲನ್ನು ಮಾತ್ರ ಯಾವುದೋ ಪೂಜೆಯದ್ದೆಂದು ಯಾರೂ ಮುಟ್ಟಿರಲಿಲ್ಲ. ತಾಳ ಶುರುವಾಯಿತು. ಸೆಕೆ ಏರಿತು. ಮೊದಲು ಕೋಟು ಬಿಚ್ಚಿದರು, ಆಮೇಲೆ ಅಂಗಿ.

ನಾನು ಮಾಲೆ ಸರಿಮಾಡುವವನಂತೆ ಬಗ್ಗಿ ಬೆನಕಪ್ಪನವರ ಕಿವಿಯಲ್ಲಿ ಉಸುರಿದೆ: “ಮಾವ! ಎದ್ದೇಳಿ, ಅನಾಹುತ ಆಗ್ತಾ ಐತೆ!”

ಶವದ ಒಂದು ಕಣ್ಣು ಹುಣಸೆಬೀಜದಷ್ಟು ತೆರೆಯಿತು. ತುಟಿ ಅಲುಗದೆ ಪ್ರಶ್ನೆ ಬಂತು: “ಬೀಗ್ರು ಬಂದ್ರಾ?”

“ಇಲ್ಲ.”

“ಹಂಗಾದ್ರೆ ನಾನಿನ್ನೂ ಸತ್ತಿರ್ತೀನಿ. ನೀನು ಸುಮ್ನಿರು.”

ಕಣ್ಣು ಮುಚ್ಚಿತು. ಮಗನಿಗೆ ತಂತಿ ಕೊಡಬೇಕೆಂದು ಯಾರೋ ಎದ್ದರು. “ನಾನೇ ಕೊಟ್ಟು ಬತ್ತೀನಿ” ಎಂದು ಹೊರಟು, ಮತ್ತೆ ಹೋಟೆಲಿಗೆ ಹೋಗಿ ಕಾಫಿ ಕುಡಿದು, ಮುಖ ಇಳಿಬಿಟ್ಟುಕೊಂಡು ಬಂದೆ. ದಾಕ್ಷಾಯಣಮ್ಮನನ್ನು ಕರೆತರಲು ಕಾವಲಿಗೆ ಹೋದವರು ಬೇರೆ ದಾರಿ ಹಿಡಿದು ಇನ್ನೂ ತಿರುಗುತ್ತಲೇ ಇದ್ದರು.

ಒಳಗೆ ಆಗುತ್ತಿದ್ದುದು ಮಾತ್ರ ವಿಚಿತ್ರ. ಎರಡು ಭಜನೆ ಪದಗಳ ನಡುವಿನ ಬಿಡುವಿನಲ್ಲಿ ಮುನಿಯಪ್ಪ ಬೆನ್ನು ಚಾಚಿ, “ಶೇಕ್ದಾರ್ರೇ, ಸೈಕಲ್ ತುಳಿದೂ ತುಳಿದೂ ಹಿಡಿದಿದ್ದ ಸೊಂಟ ಬಿಟ್ಟಂಗಾತಲ್ರೀ” ಎಂದ.

“ನನ್ನ ಭುಜಾನೂ ಕಣಯ್ಯಾ. ಸ್ವಲ್ಪ ಅಲ್ಲಿ ಒತ್ತು. ಹಾಂ, ಅಲ್ಲೇ.”

“ಹೋಗೋ ಹೊತ್ತಲ್ಲಾದ್ರೂ ಒಳ್ಳೆ ಜಾಗಕ್ಕೆ ಕರೆಸ್ಕೊಂಡ್ರು ಏಜೆಂಟ್ರು. ಬದುಕಿದ್ದಾಗ್ಲೇ ಬಂದಿದ್ರೆ ಎಷ್ಟು ಖುಷಿ ಪಡ್ತಿದ್ರೋ.”

“ದಿನಾ ಕರೀತಿದ್ರು. ನಾವೇ ಬರ್ಲಿಲ್ಲ.”

ಯಾರೋ ತಾಳ ಎತ್ತಿಕೊಂಡರು. ಆಮೇಲೆ ಹಿಂದೆಂದೂ ಕೇಳದಷ್ಟು ಗಟ್ಟಿಯಾಗಿ ಭಜನೆ ಎದ್ದಿತು.

ಆಗ ಓಬಳಪ್ಪನ ಬಸ್ಸು ಬಂತು. ಡ್ರೈವರ್ ಜವರಯ್ಯ ದುಃಖದ ಭರದಲ್ಲಿ ತರೀಕೆರೆಯಿಂದ ಎಲ್ಲೂ ನಿಲ್ಲಿಸಿರಲಿಲ್ಲ. ಅಮೃತಾಪುರದಲ್ಲಿ ಇಳಿಯಬೇಕಾದವರೆಲ್ಲ ಕಿಟಕಿ ಬಡಿಯುತ್ತ ಬಂದವರು, ಇಲ್ಲಿಯವರೆಗೆ ಬಂದಮೇಲೆ ದರ್ಶನ ಮಾಡಿಯೇ ಹೋಗೋಣವೆಂದು ಚೀಲಗಳ ಸಮೇತ ಒಳಗೆ ನುಗ್ಗಿದರು. ಅವರನ್ನು ಸೀಳಿಕೊಂಡು ಜಯದೇವಪ್ಪನವರ ಹೊಟ್ಟೆ ಬಂತು, ಅದರ ಹಿಂದೆ ಜಯದೇವಪ್ಪನವರು.

“ಬೀಗ್ರೇ!” ಎಂದವರೇ ಖಾಲಿಯಿದ್ದ ಮೊದಲ ಬೆಂಚಿನ ಮೇಲೆ, ಆ ಮಡಿ ಟವಲಿನ ಮೇಲೆಯೇ, ದೊಪ್ಪನೆ ಕೂತರು. “ನನ್ನ ಬಿಟ್ಟು ಹೋದ್ರಲ್ಲ ಬೀಗ್ರೇ! ನಿಜ ಹೇಳ್ತೀನಿ ಕೇಳಿ, ಆವತ್ತು ಹಿಂದಿನ ಸೀಟಲ್ಲಿ ನಂಗೇನೂ ಕಷ್ಟ ಆಗಿರ್ಲಿಲ್ಲ. ಕಾಲು ಚಾಚ್ಕೊಂಡು ಗೊರಕೆ ಹೊಡ್ದೆ! ಇಳಿದ ಮೇಲೆ ನಮ್ಮನೆಯೋಳು, ‘ಹಿಂದೆ ಕೂರ್ಸಿದ್ರಲ್ಲ, ನಿಮ್ಗೆ ಮಾನ ಇಲ್ವಾ’ ಅಂದ್ಲು. ಆಗ ಸಿಟ್ಟು ಹತ್ಕೊಳ್ತು. ಹತ್ತಿದ ಸಿಟ್ಟು ಎಲ್ಲಿ ಇಳೀಬೇಕು ಅಂತ ತಿಳೀದೆ ಇಷ್ಟು ದಿನ ನನ್ ಜತೇಲೇ ತಿರುಗ್ತು. ಈಗ ಯಾರ್ ಹತ್ರ ಹೇಳ್ಲಿ, ಯಾರ್ ಜತೆ ಕೂರ್ಲಿ!”

ಶವದ ಮುಚ್ಚಿದ ಕಣ್ಣಿನ ಮೂಲೆಯಿಂದ ಒಂದು ಹನಿ ಇಳಿಯಿತು. ಶೇಕ್ದಾರರು ಅದನ್ನು ಗಮನಿಸಿ, “ಬೆವರು” ಎಂದರು.

ಅಷ್ಟರಲ್ಲಿ ದಾಕ್ಷಾಯಣಮ್ಮ ಬಂದರು. ತಲೆಯ ಮೇಲೆ ಬೆರಣಿಯ ಬುಟ್ಟಿ. ಜನ ನೋಡಿದರು, ಹಾರ ನೋಡಿದರು. ಮುಖ ಬಿಳಿಚಿಕೊಂಡಿತು. ಬಾಗಿಲ ಚೌಕಟ್ಟು ಹಿಡಿದು ನಿಂತರು. ಹೆಂಗಸರು ಅಳಲು ಸಿದ್ಧರಾದರು. ಆಗಲೇ ಅವರ ಕಣ್ಣು ಗಂಡನ ಕಾಲಿನ ಮೇಲೆ ಬಿತ್ತು. ಹೊರಚಾಚಿದ್ದ ಹೆಬ್ಬೆರಳು ಭಜನೆಯ ತಾಳಕ್ಕೆ ಸರಿಯಾಗಿ ಕುಣಿಯುತ್ತಿತ್ತು.

ಅವರು ಉಸಿರು ಬಿಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು.

“ಹೋದ್ರಾ? ಆಯ್ತು ಬಿಡಿ, ಶಿವನ ಇಚ್ಛೆ. ಓಬಳಪ್ಪಾ, ಈ ಬುಟ್ಟಿ ಇಳಿಸ್ಕೊಳಪ್ಪಾ. ಬೆರಣಿ ಎಲ್ಲಾ ತಂದು ಒಳಗೆ ಜೋಡಿಸು. ಇವತ್ತಿಂದ ಈ ಕೋಣೆ ನಂದು.”

“ನಿಂದು ಹೆಂಗಾಗ್ತದೆ?” ಗುಡುಗಿದಂತಾಯಿತು. ಬೀರೂರು, ಕಡೂರುಗಳನ್ನು ಕರೆದು ಪಳಗಿದ ಅದೇ ಗಂಟಲು. “ಎಣಿಸ್ಕೋ! ಶೇಕ್ದಾರ್ರು, ಮುನಿಯಪ್ಪ, ಬೀದಿಯೋರು, ಬೀಗ್ರು! ಸೀಟೆಲ್ಲ ಫುಲ್ಲು! ಒಂದೇ ಒಂದು ಬೆರಣಿ ಒಳಗ್ ಬರ್ಲಿ ನೋಡ್ತೀನಿ!”

ತಾಳ ನೆಲಕ್ಕೆ ಬಿದ್ದು ಉರುಳಿತು. ಶೇಕ್ದಾರರು ಅಂಗಿಯಿಲ್ಲದೆ, ಯಾವ ತೀರ್ಮಾನಕ್ಕೂ ಕಾಯದೆ, ಬಚ್ಚಲ ಕಿಟಕಿಯಿಂದ ಆಚೆಗೆ ಹಾರಿದರು. ಮುನಿಯಪ್ಪ ಬೆಂಚಿನ ಕೆಳಗಿದ್ದ. ಅಮೃತಾಪುರದವರು ಚೀಲ ಬಿಟ್ಟು ಓಡಿದರು. ಕಲ್ಲಮ್ಮಜ್ಜಿ ಮಾತ್ರ ನಿಂತಲ್ಲೇ ನಿಂತು, “ಸತ್ತೋನು ಸುಮ್ನೆ ಕೂರೋದು ಕಲೀಬಾರ್ದೇನೋ! ನಾನು ಅತ್ತಿದ್ದೆಲ್ಲ ವಾಪಸ್ ಕೊಡೋರ್ಯಾರು?” ಎಂದು ಗದರಿದಳು.

ಗದ್ದಲ ಇಳಿದಾಗ ಎಲ್ಲರಿಗೂ ಬೀಗರ ನೆನಪಾಯಿತು. ಜಯದೇವಪ್ಪನವರು ಕೂತಲ್ಲೇ ಕೂತಿದ್ದರು. ಮುಖ ಕೆಂಪಗೆ, ಮೀಸೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಇಡೀ ಊರಿನ ಎದುರು ಅತ್ತಿದ್ದರು, ಗೊರಕೆಯ ಗು​ಟ್ಟನ್ನೂ ಬಿಟ್ಟುಕೊಟ್ಟಿದ್ದರು. ಈಗ ಎದ್ದು ಹೋದರೆ ಇನ್ನು ಈ ಜನ್ಮದಲ್ಲಿ ತಿರುಗಿ ಬರುವವರಲ್ಲ. ದಾಕ್ಷಾಯಣಮ್ಮ ಬಾಗಿಲಿಗೆ ಅಡ್ಡ ನಿಂತರು. ನಾನು ಹಿತ್ತಲ ಗೋಡೆಯ ಎತ್ತರವನ್ನು ಕಣ್ಣಲ್ಲೇ ಅಳೆದುಕೊಂಡೆ.

“ಬೀಗ್ರೇ” ಎಂದರು ಜಯದೇವಪ್ಪನವರು. “ಬದುಕಿದೀರಾ?”

“ಏನೋ, ಹಂಗೇ” ಎಂದರು ಬೆನಕಪ್ಪನವರು, ಹಾರ ತೆಗೆಯುತ್ತ.

“ನಾನಂದಿದ್ದೆಲ್ಲ ಕೇಳಿಸ್ತಾ?”

“ಗೊರಕೆ ಹೊಡೆದದ್ದೂ ಕೇಳಿಸ್ತು.”

ಜಯದೇವಪ್ಪನವರು ಬೆನಕಪ್ಪನವರನ್ನು ದಿಟ್ಟಿಸಿದರು. ಮೊದಲು ಅವರ ಹೊಟ್ಟೆ ಅಲುಗಿತು. ಆಮೇಲೆ ಭುಜ. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಗೊಟಕ್ ಎಂದಿತು. ಉಸಿರು ಕಟ್ಟಿತೇನೋ ಎಂದು ದಾಕ್ಷಾಯಣಮ್ಮ ನೀರಿಗೆ ಕೈಯಿಟ್ಟರು. ಸಿಕ್ಕಿಕೊಂಡದ್ದು ನಗು. ಅದು ಬಂತು ನೋಡಿ! ಬೆನಕಪ್ಪನವರು ನಕ್ಕರು, ಬೆಂಚಿನ ಕೆಳಗಿನಿಂದ ಮುನಿಯಪ್ಪ ನಕ್ಕ, ಕಿಟಕಿಯಾಚೆಯಿಂದ ಶೇಕ್ದಾರರೂ ತೀರ್ಮಾನಿಸಿ ನಕ್ಕರು. ಆದರೆ ಬೀಗರ ನಗುವಿನ ಮುಂದೆ ಅದೆಲ್ಲ ಕೇಳಿಸಿದ್ದರೆ ತಾನೆ! ಬೆನಕಪ್ಪನವರ ತೊಡೆಗೆ ಬಡಿದು ಬಡಿದು, ಕಣ್ಣೀರು ಸುರಿಸಿ, ಬೆಂಚಿನ ಸಮೇತ ಕುಲುಕಾಡಿ ನಕ್ಕರು. ಬೀದಿಯಲ್ಲಿ ಬಸ್ಸು ಹೊರಡಿಸಲು ಗೇರು ಹಾಕಿದ್ದ ಜವರಯ್ಯ, ಏನಿದು ಸದ್ದು ಎಂದು ಗಾಬರಿಯಾಗಿ ಇಂಜಿನ್ ನಿಲ್ಲಿಸಿ, ಕೆಳಗಿಳಿದು, ಬಾನೆಟ್ ಎತ್ತಿ ಇಣುಕಿ ನೋಡಿದ.